ನಮ್ಮ ಕಂಬ, ಅವರ ತಾರಸಿ

ಕೊಣನೂರಿನಲ್ಲಿ ನಾನು ಕೆಲಸ ನೋಡಿಕೊಳ್ಳುತ್ತಿದ್ದ ಕಟ್ಟಡದ ಹೊಸ ತಾರಸಿಗೆ ಆಸರೆಯಾಗಿದ್ದ ಕಬ್ಬಿಣದ ಕಂಬವೊಂದು ಬೆಸುಗೆ ಬಿಟ್ಟು ನನ್ನ ಕಣ್ಣೆದುರೇ ಬಾಗಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅದರ ಜೊತೆ ಒಂದೇ ಲಾರಿಯಲ್ಲಿ ಬಂದ ಕಂಬಗಳನ್ನು ಆಸರೆ ಕೊಟ್ಟು ನಮ್ಮ ಕಂಪನಿಯವರೇ ಶಾಂತಿಗ್ರಾಮದಲ್ಲಿ ಆಗ ಇನ್ನೊಂದು ತಾರಸಿಗೆ ಕಾಂಕ್ರೀಟ್ ಸುರಿಯುತ್ತಿದ್ದರು. ಅಲ್ಲಿನ ಮೇಸ್ತ್ರಿ ರಂಗಣ್ಣನಿಗೆ ಫೋನ್ ಮಾಡಿ ಎಲ್ಲರನ್ನೂ ದೂರ ಕಳಿಸಲು ಹೇಳಿದೆ. ಅವನು ಮರುಮಾತಾಡದೆ ಕಳಿಸಿದ.

“ನಿನ್ ಕೆಲ್ಸ ನಿಂತ್ರೆ ಅವ್ರದ್ದೂ ಯಾಕಯ್ಯ ನಿಲ್ಲಿಸ್ದೆ?” ಎಂದು ಕಂಪನಿಯ ಮಾಲೀಕರು ಕೂಗಾಡಿದರು.

ಸಂಜೆ ಬಸ್ಸಿನಲ್ಲಿ ಸೋತು ಕೂತಿದ್ದಾಗ ರಂಗಣ್ಣನ ಫೋನ್ ಬಂತು. “ಸುರಿದಿದ್ದಷ್ಟೂ ಕುಸ್ದೋಯ್ತು ಸಾ. ನೀವು ಫೋನ್ ಮಾಡ್ದಾಗ ನನ್ನೆಂಡ್ರೂ ಮ್ಯಾಲೇ ಇದ್ಲು ಕಣ್ ಸಾ.”

ಎರಡೂ ಕಡೆಯ ಕಂಬ ಬದಲಿಸುವ ಕೆಲಸ ಕೊನೆಗೆ ನನ್ನ ತಲೆಗೇ ಬಿತ್ತು. ಈಗಲೂ ಎಲ್ಲಾದರೂ ಬಿರುಕು ಕಂಡರೆ ಮೊದಲು ಬೇರೆ ಕಡೆಯವರಿಗೆ ಫೋನ್ ಮಾಡುತ್ತೇನೆ. ಬೈಗುಳ ಆಮೇಲೆ ಕೇಳಿಸಿಕೊಳ್ಳುತ್ತೇನೆ.