ರೈಟರ್‌ಗೆ ಒಂದು ತಿಂಗಳು

ಸಣ್ಣಸ್ವಾಮಿಯವರು ಗೋಣಿಕೊಪ್ಪಲಿನ ನಮ್ಮ ಕೆಳಗಿನ ಮನೆಗೆ ಬಾಡಿಗೆಗೆ ಬಂದ ದಿನ ಅವರ ಸಾಮಾನು ಹೊತ್ತ ಪಿಕಪ್ ಗೇಟಿನ ಮುಂದೆ ಒಂದೂವರೆ ಗಂಟೆ ನಿಂತಿತ್ತು. ಮಹಡಿಯಲ್ಲಿದ್ದ ನಾನು ಎರಡು ಸಲ ಬಾಲ್ಕನಿಗೆ ಬಂದು ನೋಡಿದೆ. ಎರಡನೆಯ ಸಲ, "ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿಕೊಂಡು ಏನು ಸಂತೆ ನಡೆಸ್ತಿದೀರಾ?" ಎಂದು ಕೂಗಿ ಒಳಗೆ ಹೋದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಾನು ಮಾಡಿದ್ದನ್ನು ಕೇಳಿ ಯಾರಾದರೂ ನನ್ನನ್ನು ದೊಡ್ಡ ಮನಸ್ಸಿನವಳು ಅಂದುಕೊಂಡರೆ ಈ ಕೂಗನ್ನೂ ನೆನಪಿಟ್ಟುಕೊಳ್ಳಲಿ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ಅಲ್ಪಪ್ರಾಣ ಮಹಾಪ್ರಾಣಗಳ ಹಿಂದೆ ಓಡಿ ಓಡಿ ಬಂದ ಸಿಟ್ಟು ಅದು. ನಾನು ಹುಟ್ಟಿದ್ದು ಶನಿವಾರಸಂತೆಯಲ್ಲಿ. ಯಜಮಾನರ ಕರಿಮೆಣಸಿನ ವ್ಯಾಪಾರ ಈ ಊರಿಗೆ ಎಳೆದು ತಂದಿತು. ಅವರು ಹೋದ ಮೇಲೆ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವ ಕೆಲಸವನ್ನು ಕೀರ್ತಿಕುಮಾರನಿಗೆ ಒಪ್ಪಿಸಿದ್ದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮೇಜು ಹಾಕಿಕೊಂಡು ಬಾಂಡ್ ಪೇಪರಿನಲ್ಲಿ ಕರಾರುಪತ್ರ ಬರೆದುಕೊಡುತ್ತಾನೆ, ಜೊತೆಗೆ ಮನೆ ಬ್ರೋಕರ್ ಕೆಲಸ. ಅವನಿಗೆ ನಾನು ಹಾಕಿದ್ದ ಷರತ್ತು ಒಂದೇ. "ಒಂದು ತಿಂಗಳ ಬಾಡಿಗೆ ಕಮಿಷನ್ ನಾನು ಕೊಡ್ತೀನಿ. ಬರುವವರ ಹತ್ತಿರ ಒಂದು ರೂಪಾಯಿ ಮುಟ್ಟಬಾರದು." ಅವನು ತಲೆಯಾಡಿಸಿ ದುಡ್ಡು ತೆಗೆದುಕೊಂಡು, ಬೀಗದ ಕೈಯನ್ನೂ ಇಟ್ಟುಕೊಂಡ.

ಇನ್ನು ಸಣ್ಣಸ್ವಾಮಿಯವರ ವಿಷಯ. ಅವರ ತಂದೆತಾಯಿ ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು. ಮೂವರು ಅಣ್ಣಂದಿರ ನಡುವೆ ತಮಗೆ ಬರುವ ಜಮೀನು ಒಂದು ಕೊಟ್ಟಿಗೆಯಷ್ಟು ಎಂದು ಗೊತ್ತಾದಾಗ ಇವರು ತಿತಿಮತಿ ಹತ್ತಿರದ ಒಂದು ಕಾಫಿ ಎಸ್ಟೇಟಿಗೆ ಕೆಲಸಕ್ಕೆ ಸೇರಿದರು. ಆಗ ಇಪ್ಪತ್ತನಾಲ್ಕು ವರ್ಷ. ಎರಡೇ ವರ್ಷಕ್ಕೆ ರೈಟರ್ ಆದರು. ಎಸ್ಟೇಟಿನಲ್ಲಿ ರೈಟರ್ ಎಂದರೆ ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು ಸಂಜೆ ಕಾಫಿ ಹಣ್ಣಿನ ಮೂಟೆ ತೂಗುವವರೆಗೆ ಎಲ್ಲವನ್ನೂ ಬರೆಯುವ ಮನುಷ್ಯ. ಹಣ್ಣು ಕೊಯ್ಯುವ ಪಿಕಿಂಗ್ ಕಾಲದಲ್ಲಿ ಇವರು ಕಾಲು ಕೆ.ಜಿ.ಯನ್ನೂ ಬಿಡದೆ ಬರೆಯುತ್ತಿದ್ದರಂತೆ, ಎಸ್ಟೇಟ್ ಯಜಮಾನರ ಕಡೆಗೂ ವಾಲದೆ, ಆಳುಗಳ ಕಡೆಗೂ ವಾಲದೆ. ಹೀಗಾಗಿ ಎರಡೂ ಕಡೆಯವರು ಅವರನ್ನು ಸ್ವಲ್ಪ ಬೈದುಕೊಂಡೇ ನಂಬುತ್ತಿದ್ದರು. ಆಳುಗಳ ಲೈನ್ ಮನೆಗಳಲ್ಲಿದ್ದ ಎಷ್ಟೋ ಜನರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಎಲ್ಲರಿಗೂ ಅವರು ರೈಟರ್. ಹೆಂಡತಿ ಕಾಳಮ್ಮ ಕೂಡ ನಾಲ್ಕು ಜನರ ಮುಂದೆ "ನಮ್ಮ ರೈಟರು" ಎಂದೇ ಹೇಳುವುದು.

ಮೂವತ್ತನಾಲ್ಕು ವರ್ಷ ಎಸ್ಟೇಟ್ ಕೊಟ್ಟ ಕ್ವಾರ್ಟರ್ಸಿನಲ್ಲಿ ಇದ್ದು ನಿವೃತ್ತರಾದವರಿಗೆ ಬಾಡಿಗೆ ಮನೆಯ ರೀತಿ ರಿವಾಜು ಹೇಗೆ ತಿಳಿಯಬೇಕು? ಕಾಳಮ್ಮನ ಮಂಡಿಗೆ ಮೆಟ್ಟಿಲು ಆಗುವುದಿಲ್ಲ, ಆಸ್ಪತ್ರೆ ಹತ್ತಿರ ಇರಬೇಕು ಎಂದು ಪೇಟೆಯಲ್ಲಿ ನೆಲಮಟ್ಟದ ಮನೆ ಹುಡುಕಿದರು. ಕೀರ್ತಿಕುಮಾರ ನಮ್ಮ ಮನೆ ತೋರಿಸಿದ. ಮನೆ ನೋಡುವಾಗ, "ನಾನು ತಿತಿಮತಿಲಿ ರೈಟರ್ ಆಗಿದ್ದೆ" ಎಂದು ಇವರು ಹೇಳಿದ್ದರಂತೆ. ಅವನ ಕಿವಿ ಮೊಬೈಲಿನಲ್ಲಿತ್ತು. ಕೊನೆಗೆ ಒಂದು ಚೀಟಿ ಬರೆದುಕೊಟ್ಟ. ಅದರಲ್ಲಿ ಮೂರೇ ಸಾಲು: ಅಡ್ವಾನ್ಸ್ ನಲವತ್ತೈದು ಸಾವಿರ, ಬಾಡಿಗೆ ಒಂಬತ್ತು ಸಾವಿರ, ರೈಟರ್‌ಗೆ ಒಂದು ತಿಂಗಳು.

ಮೂರನೆಯ ಸಾಲು ಓದಿ ಸಣ್ಣಸ್ವಾಮಿಯವರ ಮುಖ ಇಷ್ಟಗಲವಾಯಿತು. ಪ್ರತಿ ಮಳೆಗಾಲಕ್ಕೆ ಮುಂಚೆ ಎಸ್ಟೇಟ್ ಆಫೀಸಿನಿಂದ ಅವರಿಗೆ ಇಂಥದೇ ಚೀಟಿ ಬರುತ್ತಿತ್ತು. "ರೈಟರ್‌ಗೆ – ಸೌದೆ 1 ಲೋಡ್." "ರೈಟರ್‌ಗೆ – ಕಂಬಳಿ 1." ರೈಟರ್‌ಗೆ ಎಂದರೆ ರೈಟರ್‌ಗೆ ಸಲ್ಲತಕ್ಕದ್ದು, ಅದರಲ್ಲಿ ಕೇಳುವುದೇನಿದೆ? ಮೊದಲ ತಿಂಗಳ ಬಾಡಿಗೆ ತಮಗೆ ಬಿಟ್ಟಿದ್ದಾರೆ ಎಂದು ತಿಳಿದು ಚೀಟಿಯನ್ನು ಜೇಬಿನ ಪುಸ್ತಕದಲ್ಲಿ ಇಟ್ಟುಕೊಂಡರು. ಮನೆಗೆ ಹೋಗಿ ಕಾಳಮ್ಮನಿಗೆ ತೋರಿಸಿದರು. "ನೋಡು, ಪೇಟೆಲೂ ನನ್ನ ರೈಟರ್ ಅಂತ್ಲೇ ಬರ್ದವ್ರೆ." ಆ ದಿನ ಅವರು ಎರಡು ಸಲ ಊಟ ಮಾಡಿದರು ಎಂದು ಕಾಳಮ್ಮ ಈಗಲೂ ನಗುತ್ತಾರೆ.

ಅಡ್ವಾನ್ಸ್ ನನ್ನ ಖಾತೆಗೆ ಬಂತು. ಅವರ ಕೈಯಲ್ಲಿದ್ದ ದುಡ್ಡು ಅಲ್ಲಿಗೆ ಮುಗಿದಿತ್ತು. ಎಸ್ಟೇಟಿನಿಂದ ಬರಬೇಕಾದ್ದು ಇನ್ನೂ ಬಂದಿರಲಿಲ್ಲ. ಕ್ವಾರ್ಟರ್ಸಿಗೆ ಭಾನುವಾರ ಹೊಸ ರೈಟರ್ ಸಂಸಾರ ಸಮೇತ ಬರುವುದಿತ್ತು. ಶನಿವಾರ ಮಧ್ಯಾಹ್ನ ಇವರು ಮನೆ ಗುಡಿಸಿ, ಬೀಗದ ಕೈಯನ್ನು ಆಫೀಸಿಗೆ ಒಪ್ಪಿಸಿ, ಪಿಕಪ್ ಹತ್ತಿ ಹೊರಟರು. ನಮ್ಮ ಮನೆ ಬಿಟ್ಟರೆ ಆ ರಾತ್ರಿ ಮಲಗಲು ಅವರಿಗೆ ಬೇರೆ ಸೂರಿರಲಿಲ್ಲ.

ಗೇಟಿನಲ್ಲಿ ಕೀರ್ತಿಕುಮಾರ ಬೀಗದ ಕೈ ಬೆರಳಿಗೆ ಸಿಕ್ಕಿಸಿಕೊಂಡು ನಿಂತಿದ್ದ. ನಡೆದ ಮಾತು ಹೀಗಿತ್ತಂತೆ.

"ರೈಟರ್ ದುಡ್ಡು ಕೊಟ್ಟುಬಿಡಿ, ಕೈ ತಗೊಳ್ಳಿ."

"ಅದನ್ನ ನಾನ್ಯಾಕ್ ಕೊಡ್ಲಿ ಸ್ವಾಮಿ? ನಂಗ್ ಬರಬೇಕಾದ್ದಲ್ವಾ ಅದು?"

"ನಿಮಗಾ? ಮನೆ ಹುಡುಕಿಕೊಟ್ಟಿದ್ದು ನಾನು, ದುಡ್ಡು ನಿಮಗಾ?"

"ರೈಟರ್‌ಗೆ ಅಂತ ನೀವೇ ಬರ್ದಿದೀರಲ್ಲಾ."

"ಅದನ್ನೇ ಹೇಳ್ತಿರೋದು ಮಾರಾಯ್ರೇ, ರೈಟರ್‌ಗೆ ಕೊಡಿ ಅಂತ!"

"ಕೊಡಿ ಮತ್ತೆ!"

ಇಬ್ಬರಿಗೂ ಎದುರಿಗಿರುವವನ ತಲೆ ಕೆಟ್ಟಿದೆ ಎಂದು ಖಾತ್ರಿಯಾಗಲು ಅರ್ಧ ಗಂಟೆ ಬೇಕಾಯಿತು. ಕೊನೆಗೆ ಕೀರ್ತಿಕುಮಾರ ಬಿಡಿಸಿ ಹೇಳಿದ: ರೈಟರ್ ಎಂದರೆ ತಾನು, ಪತ್ರ ಬರೆಯುವವನು, ಒಂದು ತಿಂಗಳ ಬಾಡಿಗೆ ತನ್ನ ಫೀಸು. ಸಣ್ಣಸ್ವಾಮಿಯವರು ಚೀಟಿಯನ್ನು ತೆಗೆದು ಇನ್ನೊಮ್ಮೆ ಓದಿ ಜೇಬಿನ ಪುಸ್ತಕಕ್ಕೆ ಸೇರಿಸಿದರಂತೆ. ಮೇಲೆ ಹೋಗಿ ಮನೆ ಓನರನ್ನು ಕೇಳೋಣ ಎಂದು ಕಾಳಮ್ಮ ಹೇಳಿದರೆ, "ಬೇಡ, ಟೀಚರಿಗೆ ಭಾರಿ ಸಿಟ್ಟು. ಬಾಡಿಗೆಯವರ ಗಲಾಟೆ ಅಂದ್ರೆ ಮನೆಯೇ ಕೊಡಲ್ಲ ಅಂತಾರೆ" ಎಂದು ಅವನು ಹೆದರಿಸಿದ. ಸರಿಯಾಗಿ ಅದೇ ಹೊತ್ತಿಗೆ ನಾನು ಬಾಲ್ಕನಿಯಿಂದ ಕೂಗಿದ್ದು. ನೆನೆದರೆ ಈಗಲೂ ನನ್ನ ಬಾಯನ್ನು ನಾನೇ ಹೊಲಿದುಕೊಳ್ಳಬೇಕು ಅನಿಸುತ್ತದೆ.

ಪಿಕಪ್ ಓಡಿಸುತ್ತಿದ್ದ ಬೋಜ ಅದೇ ಎಸ್ಟೇಟಿನವನು. ಅವನಿಗೂ ಚಡಪಡಿಕೆ. "ರೈಟರೇ, ಎಂತ ಮಾಡುದು? ಕತ್ತಲೆಗೆ ಮುಂಚೆ ನಂಗೆ ವಾಪಸ್ ಹೋಗ್ಲಿಕ್ಕೆ ಉಂಟು. ರೋಡಿಗೆ ಆನೆ ಬರ್ತದೆ." ಅವನು ಹೋದರೆ ಮಂಚ, ಬೀರು, ಕೋಳಿ ಪಂಜರ ಎಲ್ಲ ರಸ್ತೆಯ ಮೇಲೆ. ಸಣ್ಣಸ್ವಾಮಿಯವರು ಫೋನ್ ತೆಗೆದು ಯಾರ ಹತ್ತಿರ ಒಂಬತ್ತು ಸಾವಿರ ಕೇಳುವುದು ಎಂದು ಹೆಸರುಗಳನ್ನು ಮೇಲೆ ಕೆಳಗೆ ಸರಿಸುತ್ತಾ ನಿಂತರು.

ಆಗ ಕಾಳಮ್ಮ ಯಾರನ್ನೂ ಕೇಳದೆ ಗೇಟು ತೆಗೆದು ಒಳಗೆ ಬಂದು, ಮೆಟ್ಟಿಲ ಬುಡದಲ್ಲಿ ಕುಳಿತು, ಮೇಲೆ ನೋಡಿ ಕರೆದರು. "ಅವ್ವಾ, ಸಿಟ್ಟಾಗ್ಬೇಡಿ. ಒಂದ್ ಲೋಟ ನೀರ್ ಕೊಡಿ."

ನೀರು ಹಿಡಿದು ಕೆಳಗಿಳಿದೆ. ಹೊಸದಾಗಿ ಬಂದವರು ಮನೆಯೊಳಗೆ ಹೋಗದೆ ಮೆಟ್ಟಿಲಲ್ಲಿ ಯಾಕೆ ಕೂತಿದ್ದಾರೆ ಎಂದು ಕೇಳಿದೆ. ಕಾಳಮ್ಮ ನೀರು ಕುಡಿದು ಮುಗಿಸುವ ಮೊದಲೇ ಎಲ್ಲ ಹೊರಬಂತು. ಕೇಳುತ್ತಾ ಕೇಳುತ್ತಾ ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟನ್ನೇ ಬೇಲಿ ಮಾಡಿ ಹಾಕಿ, ಅದರ ಹಿಂದೆ ಈ ಹುಡುಗ ಕೈಚಳಕ ತೋರಿಸುತ್ತಿದ್ದ.

"ಕೀರ್ತಿ, ಬಾ ಇಲ್ಲಿ. ಆ ಚೀಟಿ ಓದು" ಎಂದೆ.

ಸಣ್ಣಸ್ವಾಮಿಯವರು ಜೇಬಿನ ಪುಸ್ತಕದಿಂದ ಚೀಟಿ ತೆಗೆದುಕೊಟ್ಟರು. ಅದು ಅವನದೇ ಅಕ್ಷರ. ಒತ್ತಕ್ಷರಗಳನ್ನು ಅವನು ವಕ್ರವಾಗಿ ಹಾಕುವ ರೀತಿ ನನಗೆ ಎಂಟನೇ ಕ್ಲಾಸಿನಿಂದ ಗೊತ್ತು.

"ರೈಟರ್‌ಗೆ ಒಂದು ತಿಂಗಳು" ಎಂದು ಗೊಣಗಿದ.

"ಕಮಿಷನ್ ಅಂತ ಯಾಕೆ ಬರೀಲಿಲ್ಲ?"

ಅವನು ಚೀಟಿಯನ್ನು ಮಗುಚಿ ಹಿಂಬದಿ ನೋಡಿದ. ಹಾಗೆ ಬರೆದಿದ್ದರೆ, ಚೀಟಿ ಎಂದಾದರೂ ನನ್ನ ಕಣ್ಣಿಗೆ ಬಿದ್ದರೆ ಸಿಕ್ಕಿಬೀಳುತ್ತಿದ್ದ. ರೈಟರ್ ಎಂದರೆ ಪತ್ರ ಬರೆದ ಕೂಲಿ ಎಂದು ಜಾರಿಕೊಳ್ಳಬಹುದು. ಇನ್ನೆಷ್ಟು ಮನೆಗಳಲ್ಲಿ ಈ ಆಟ ಆಡಿದ್ದನೋ.

"ಟೀಚರೇ, ಅದು ಹಂಗಲ್ಲ. ಪತ್ರ ಬರೆಯೋನು ನಾನಲ್ವಾ? ರೈಟರ್ ಅಂದ್ರೆ ನಾನೇ."

ನಾನು ಬೋಜನ ಕಡೆ ತಿರುಗಿದೆ. "ಏನಪ್ಪಾ, ಇಲ್ಲಿ ನಿಂತಿರುವವರಲ್ಲಿ ರೈಟರ್ ಯಾರು?"

ಬೋಜನಿಗೆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ಸಣ್ಣಸ್ವಾಮಿಯವರ ಕಡೆಗೆ ಗದ್ದ ಎತ್ತಿದ. "ಎಂತ ಕೇಳ್ತೀರಿ? ರೈಟರ್ ಇವರೇ ಅಲ್ವಾ."

"ಕೇಳಿದೆಯಾ? ಚೀಟಿ ಬರೆದವನು ನೀನು. ರೈಟರ್‌ಗೆ ಒಂದು ತಿಂಗಳು ಅಂತ ಬರೆದಿದ್ದೀಯ. ರೈಟರ್ ಇವರು. ತಿಂಗಳು ಇವರದು. ನಿನ್ನ ಕಮಿಷನ್ ನಾನು ಕೊಟ್ಟಾಗಿದೆ, ಮನೆ ಹುಡುಕಿದ್ದಕ್ಕೆ ಅದನ್ನು ಇಟ್ಟುಕೋ. ಬೀಗದ ಕೈ ಕೊಡು."

ಅವನು ಬೀಗದ ಕೈಯನ್ನು ಬೆರಳಿನಿಂದ ಬಿಡಿಸಿ ನನ್ನ ಕೈಗೆ ಹಾಕಿ, "ಹೋಗ್ತೀನಿ ಟೀಚರೇ" ಎಂದು ಸ್ಕೂಟರ್ ಹತ್ತಿದ. ನಾನು ಬೀಗದ ಕೈಯನ್ನು ಕಾಳಮ್ಮನಿಗೆ ಕೊಟ್ಟೆ. ಅವರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮಂಡಿ ನೋವನ್ನು ಮರೆತವರಂತೆ ಎದ್ದು ಹೋಗಿ ಬಾಗಿಲು ತೆಗೆದರು. ಸಾಮಾನು ಇಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ನಾನು ಎಲ್ಲರಿಗೂ ಕಾಫಿ ಮಾಡಿದೆ, ಬೋಜ ಬೆಳಕಿರುವಾಗಲೇ ಹೊರಟ. ಎದೆಯ ಮೇಲಿಂದ ಒಂದು ಮೂಟೆ ಇಳಿದ ಹಾಗಿತ್ತು, ನನಗೂ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಸಣ್ಣಸ್ವಾಮಿಯವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಜೇಬಿನ ಪುಸ್ತಕ ಹಿಡಿದು ಮೇಲೆ ಬಂದರು. ಕೂರಿ ಎಂದರೂ ಕೂರಲಿಲ್ಲ.

"ಮೇಡಂ, ಮೊದಲ್ನೇ ತಿಂಗಳ ಬಾಡಿಗೆ ನಾನು ಮೂರು ಕಂತಲ್ಲಿ ಕೊಡ್ತೀನಿ. ಚೀಟಿ ತಪ್ಪಾಗ್ ಓದಿದ್ದು ನಾನು. ತೂಕ ತಪ್ಪಿದ್ರೆ ತಿದ್ದಬೇಕು."

"ನಿನ್ನೆ ತೀರ್ಮಾನ ಆಯ್ತಲ್ಲ. ಬಾಡಿಗೆ ಬೇಡ" ಎಂದೆ, ಸ್ವಲ್ಪ ಜೋರಾಗಿಯೇ.

ಅವರು ಪುಸ್ತಕದ ಅಂಚನ್ನು ಉಜ್ಜುತ್ತಾ ನಿಂತರು. "ದುಡ್ಡಿನ ಮಾತಲ್ಲ ಮೇಡಂ. ಎಸ್ಟೇಟಲ್ಲಿ ಇವತ್ತಿಂದ ರೈಟರ್ ಬೇರೆಯವ್ರು. ಪೇಟೆಲಾದ್ರೂ ಆ ಹೆಸರು ಉಳೀತು ಅಂತ ಕಾಳಮ್ಮಂಗೆ ಹೇಳಿ ಖುಷಿಪಟ್ಟಿದ್ದೆ. ಆ ಚೀಟಿಲಿ ಇದ್ದ ರೈಟರ್ ನಾನಲ್ವಲ್ಲ."

ಒಂಬತ್ತು ಸಾವಿರ ಬಿಟ್ಟುಕೊಟ್ಟೆ ಎಂದು ರಾತ್ರಿಯೆಲ್ಲ ಬೀಗುತ್ತಿದ್ದವಳು ನಾನು. ಅವರು ಕಳೆದುಕೊಂಡದ್ದು ಬೇರೆಯೇ ಇತ್ತು. ಮೇಜಿನ ಮೇಲಿದ್ದ ನೋಟುಪುಸ್ತಕದಿಂದ ಒಂದು ಹಾಳೆ ಹರಿದು, ಪರೀಕ್ಷೆಯ ಪ್ರಶ್ನೆಪತ್ರಿಕೆ ಬರೆಯುವಾಗಿನ ದುಂಡಕ್ಷರದಲ್ಲಿ ಬರೆದೆ: "ರೈಟರ್ ಸಣ್ಣಸ್ವಾಮಿಯವರಿಗೆ – 1 ತಿಂಗಳು." ಕೆಳಗೆ ಸುಲೋಚನಮ್ಮ ಎಂದು ಸಹಿ ಹಾಕಿ ಕೊಟ್ಟೆ.

ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಆಮೇಲೆ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಮೆಲ್ಲಗೆ ಹೇಳಿದರು. "ತಾರೀಕು ಹಾಕಿಲ್ಲ ಮೇಡಂ."

ಮೂವತ್ತು ವರ್ಷ ಬೇರೆಯವರ ತಪ್ಪು ತಿದ್ದಿದವಳು ಬಾಯಿ ಮುಚ್ಚಿಕೊಂಡು ತಾರೀಕು ಹಾಕಿದೆ. ಅವರು ಚೀಟಿಯನ್ನು ಮಡಿಚಿ ಪುಸ್ತಕದಲ್ಲಿಟ್ಟುಕೊಂಡು ಇಳಿದುಹೋದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅವರು ಗಟ್ಟಿಯಾಗಿ ಓದುವುದು ಕೇಳಿಸಿತು, ಅದರ ಹಿಂದೆಯೇ ಕಾಳಮ್ಮನ ದನಿ.

"ನೀವ್ ಅಲ್ದೆ ಇನ್ಯಾರು? ಬನ್ನಿ ರೈಟರೇ, ರೊಟ್ಟಿ ಆರೋಗ್ತದೆ."