ಸಭೆಯ ದಿನದ ಪೇಡೆ

ಪೂರ್ತಿ ಬೆಳಕು ಹರಿಯುವ ಮೊದಲೇ ಪುಣೆ ಹತ್ತಿರದ ಭೋಸರಿಯ ಪಂಪ್ ಕಂಪನಿಯ ಎರಡನೇ ಮಹಡಿಯಲ್ಲಿ ಬಸಿಯ ಮೇಲೆ ಚಹಾದ ಕಪ್ಪು ಕೂರುವ ಸಣ್ಣ ಸದ್ದು ಶುರುವಾಗುತ್ತದೆ. ಚನ್ನಬಸವ್ವ ಶುಂಠಿ ಜಜ್ಜುತ್ತಿದ್ದಾರೆ. ಇವತ್ತು ಆಡಳಿತ ಮಂಡಳಿಯ ಸಭೆ. ಅಂಥ ದಿನ ಅವರು ಬೇಗ ಬರುತ್ತಾರೆ. ಅವರ ಕೋರಿಕೆಯಂತೆ ಇಲ್ಲಿ ಹೆಸರುಗಳನ್ನೆಲ್ಲ ಬದಲಿಸಿದೆ.

ಜಮಖಂಡಿಯಿಂದ ಮದುವೆಯಾಗಿ ಪುಣೆಗೆ ಬಂದವರು. ಕಂಪನಿ ಬರೀ ತಗಡಿನ ಶೆಡ್ ಆಗಿದ್ದಾಗಿನಿಂದ ಚಹಾ ಇವರದೇ. ದೊಡ್ಡ ಆರ್ಡರ್ ಸಿಕ್ಕರೆ ಮಾಲೀಕರೇ ಒಲೆಯ ಹತ್ತಿರ ಬಂದು, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ, ಮಾವಶೀ, ಪೇಡೆ ತರಿಸಿ ಅನ್ನುತ್ತಿದ್ದರು. ಡಬ್ಬಿ ಗೇಟು ದಾಟಿತೆಂದರೆ ಲೇತ್ ಯಂತ್ರದ ಮುಂದೆ ನಿಂತವನಿಗೂ ಸುದ್ದಿ ಮುಟ್ಟಿದಂತೆ.

ಕೆಲವು ವರ್ಷಗಳ ಹಿಂದೆ ಕಂಪನಿ ಷೇರುಪೇಟೆಗೆ ಬಂತು. ಹೊಸ ಕಾರ್ಖಾನೆ ಕಟ್ಟಬೇಕಿತ್ತು, ಬ್ಯಾಂಕಿನ ಬಡ್ಡಿ ಕಟ್ಟಿಯೇ ಮಾಲೀಕರು ಹಣ್ಣಾಗಿದ್ದರು. ಒಡೆತನದ ಒಂದು ಪಾಲನ್ನು ಜನರಿಗೆ ಮಾರಿದರೆ ಬರುವ ಹಣಕ್ಕೆ ಬಡ್ಡಿಯಿಲ್ಲ. ಭೋರ್ ಕಡೆ ಕಾರ್ಖಾನೆ ಎದ್ದಿತು. ಮೊದಲು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ದೊಡ್ಡ ಗಿರಾಕಿಗಳು ಕರೆದು ಆರ್ಡರ್ ಕೊಟ್ಟರು. ಆದರೆ ಈಗ ಮುಖ ನೋಡದ ಸಾವಿರಾರು ಜನಕ್ಕೆ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಸುದ್ದಿ ಮೊದಲು ಷೇರುಪೇಟೆಗೆ, ಆಮೇಲೆ ಮನೆಮಂದಿಗೆ.

"ಸಾಹೇಬ್ರು ಮೊದಲ ನಗತಿದ್ರು, ಬೈತಿದ್ರು. ಈಗ ಫೋನಿನ್ಯಾಗ ಷೇರಿನ ರೇಟ್ ನೋಡ್ಕೋತ ಚಹಾ ಆರಸ್ತಾರ್ರಿ," ಅನ್ನುತ್ತಾರೆ ಚನ್ನಬಸವ್ವ.

ಕಳೆದ ವರ್ಷ ಸಭೆಯೊಳಗಿನ ನಗು ಕೇಳಿ, ಹಳೆಯ ರೂಢಿಯಂತೆ ಇವರು ಪೇಡೆ ತರಿಸಿಬಿಟ್ಟರು. ಷೇರುಪೇಟೆಗೆ ಪ್ರಕಟಣೆ ಹೋಗುವ ಮೊದಲೇ ಡಬ್ಬಿ ಗೇಟಿಗೆ ಬಂತು. ಅದನ್ನು ಕಂಡ ಕಂಪನಿಯ ಚಾಲಕ ಅಮರ ಒಳ್ಳೆಯ ಸುದ್ದಿಯೆಂದು ಊಹಿಸಿ ಷೇರು ಕೊಂಡ, ವಿಚಾರಣೆಯಲ್ಲಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡ. ಷೇರುಪೇಟೆಯ ನಿಯಮಗಳನ್ನು ನೋಡಿಕೊಳ್ಳುವ ಕಂಪನಿ ಸೆಕ್ರೆಟರಿ ಶೈಲಶ್ರೀ ಧಾರವಾಡದ ಹೆಣ್ಣುಮಗಳು. ಬೈಯಲಿಲ್ಲ, ಹತ್ತಿರ ಕೂಡಿಸಿಕೊಂಡು ಹೇಳಿದರು: "ಚನ್ನಬಸವ್ವಾರ, ಎಲ್ಲಾರಿಗೂ ಗೊತ್ತಾಗೂ ಮೊದಲ ನಮಗ ಗೊತ್ತಿದ್ದದ್ದು ಕಳ್ಳಮಾಲು ಇದ್ದಂಗ್ರಿ. ನಿಮ್ಮ ಪೇಡೆನೂ ಸುದ್ದಿನ."

ಅಮರನ ಹೆಂಡತಿ ಎದುರಾದರೆ ಚನ್ನಬಸವ್ವ ಇವತ್ತಿಗೂ ತಲೆ ತಗ್ಗಿಸುತ್ತಾರೆ.

ಇವತ್ತು ಮಧ್ಯಾಹ್ನ ಸಭೆಯ ಕೋಣೆಗೆ ಎರಡನೇ ಸಲ ಚಹಾ ಒಯ್ದಾಗ ಮೊದಲಿನ ಕಪ್ಪುಗಳು ತುಂಬಿದಂತೆಯೇ ಕೆನೆಗಟ್ಟಿವೆ. ಎಲ್ಲರಿಗಿಂತ ದೊಡ್ಡ ಗಿರಾಕಿ ಕೈಬಿಟ್ಟನೆಂಬ ಮಾತು ಕಿವಿಗೆ ಬೀಳುತ್ತದೆ. ಟ್ರೇ ಹಿಡಿದು ಹೊರಬರುವಷ್ಟರಲ್ಲಿ ಸೆರಗಿನಲ್ಲಿ ಫೋನು ನಡುಗುತ್ತದೆ. ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ತೂಗುವ ತಮ್ಮ ಚಂದ್ರಪ್ಪ. ಅಕ್ಕನ ಕಂಪನಿ ಅನ್ನುವ ಒಂದೇ ಭರವಸೆಯಿಂದ ಮಗಳು ಪುಟ್ಟಿಯ ಮದುವೆಯ ಹಣವನ್ನೆಲ್ಲ ಇದೇ ಷೇರಿಗೆ ಹಾಕಿದವನು.

"ಅಕ್ಕಾ, ಇವತ್ತ ಪೇಡೆ ತರಿಸೀಯೇನು?"

ಪ್ರತಿ ಸಭೆಯ ದಿನವೂ ಅವನದು ಇದೇ ತಮಾಷೆ. ಗೋಡೆಯ ಗಡಿಯಾರದಲ್ಲಿ ಷೇರುಪೇಟೆ ಮುಚ್ಚಲು ಇನ್ನೂ ಹೊತ್ತಿದೆ. ನಗದೆ ಒಂದು 'ಇಲ್ಲ' ಅಂದರೆ ಸಾಕು, ಅವನು ಷೇರು ಮಾರಿ ಪಾರಾಗುತ್ತಾನೆ. ಏನೂ ತಿಳಿಯದ ಇನ್ಯಾರೋ ಕೊಂಡು ಮುಳುಗುತ್ತಾರೆ.

"ಸಕ್ರಿ ಕಾಯಿಲೆಯವಗ ಪೇಡೆ ಯಾಕ ಬೇಕೋ? ಫೋನ ಇಡು, ಕೆಲಸ ಅದ."

ಅವನು ನಗುತ್ತಾನೆ. ಇವರು ಫೋನು ಇಟ್ಟ ಮೇಲೂ ಅದನ್ನೇ ನೋಡುತ್ತ ನಿಲ್ಲುತ್ತಾರೆ.

ಸಂಜೆ ಸುದ್ದಿ ಹೊರಬೀಳುತ್ತದೆ, ನಾಳೆ ಬೆಲೆ ಬೀಳುತ್ತದೆ, ಭಾನುವಾರ ಚಂದ್ರಪ್ಪ ಮನೆಗೆ ಬರುತ್ತಾನೆ. ಅವನು ಅತ್ತರೂ ಊಟಕ್ಕೆ ನೀಡಬೇಕು. ಪುಟ್ಟಿಯ ಮದುವೆಗೆ ತಾವೇ ಕೊರಳಲ್ಲಿರುವ ಬಂಗಾರವನ್ನು ಕೊಡಬಹುದು. ಆದರೆ ಅವನು ಫೋನು ಮಾಡಿದಾಗಲೇ ತಮಗೆ ಎಲ್ಲ ಗೊತ್ತಿತ್ತೆಂಬುದನ್ನು ತಮ್ಮನಿಗಾಗಲಿ, ಮನೆಯಲ್ಲಿ ಇನ್ನಾರಿಗಾಗಲಿ ಎಂದೂ ಹೇಳಬಾರದೆಂದು ನಿರ್ಧರಿಸಿ, ಚನ್ನಬಸವ್ವ ಕುಡಿಯದೆ ಉಳಿದ ಚಹಾವನ್ನು ಮೋರಿಗೆ ಸುರಿಯುತ್ತಾರೆ.