ಅತ್ತೆ ಉಸಿರು ಬಿಡಲು ಕಲಿತದ್ದು

ನನ್ನ ಜೊತೆ ಬರಬೇಕಿದ್ದ ಗೆಳತಿ ಹೊರಡಲು ಎರಡು ತಿಂಗಳಿರುವಾಗ ಸ್ಕೂಟಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಮಾಲ್ಡೀವ್ಸ್‌ನ ಕಡಲಿನಲ್ಲಿ ಏಳು ದಿನ ಒಂದೇ ಹಡಗಿನ ಮೇಲೆ ಉಂಡು, ಮಲಗಿ, ದಿನಕ್ಕೆ ಎರಡು ಮೂರು ಸಲ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಪ್ರವಾಸ ಅದು. ನಾನು ಮುರ್ಡೇಶ್ವರದಲ್ಲಿ ಈ ಡೈವಿಂಗ್ ಕಲಿತು ಎರಡು ವರ್ಷವಾಗಿತ್ತು. ಹಗರಿಬೊಮ್ಮನಹಳ್ಳಿಯ ಲ್ಯಾಬೊಂದರಲ್ಲಿ ರಕ್ತದ ಹನಿ ನೋಡುತ್ತ ದಿನ ಕಳೆಯುವ ನನಗೆ ಇದೊಂದು ಹುಚ್ಚು. ಮನೆಯಲ್ಲಿ ಉಳಿದವರಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ.

ಹಡಗಲಿಯಲ್ಲಿ ಅತ್ತೆಯ ಮನೆಗೆ ಊಟಕ್ಕೆ ಹೋದಾಗ, ಒಂದು ಜಾಗ ಖಾಲಿ ಉಳಿಯಿತಲ್ಲ ಎಂದು ಮಾತಿಗೆ ಹೇಳಿದೆ. ಅತ್ತೆ ಎಂದರೆ ಅಪ್ಪನ ತಂಗಿ, ಐವತ್ತಾರು ವರ್ಷ, ಇಟ್ಟಿಗಿಯಲ್ಲಿ ಅಂಗನವಾಡಿ ಟೀಚರು. ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ನನ್ನ ಮುಖ ನೋಡಿದಳು.

"ನಾ ಬರ್ತೀನಿ. ನೀರಾಗ ಮುಳುಗೋದು ನಂಗೇನ್ ಹೊಸಾದಲ್ಲ."

ಅದು ಸುಳ್ಳಲ್ಲ. ನಮ್ಮ ಮಲ್ಲಿಗೆ ತೋಟದ ಬಾವಿಯಲ್ಲಿ ಅವಳು ಆರು ವರ್ಷಕ್ಕೇ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಸಿಕೊಂಡು ಈಜು ಕಲಿತವಳು. ಹತ್ತು ಹನ್ನೆರಡರ ಹೊತ್ತಿಗೆ ಓಣಿಯಲ್ಲಿ ಯಾರದೇ ಕೊಡ ಬಾವಿಗೆ ಬಿದ್ದರೂ ಅವಳಿಗೆ ಕರೆ ಬರುತ್ತಿತ್ತಂತೆ. ಕೊಡ ಎತ್ತಲು ಕೊಕ್ಕೆಗಳ ಪಾತಾಳಗರಡಿ ಊರಲ್ಲಿ ಇದ್ದೇ ಇತ್ತು. ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತಡಕಾಡುವುದರೊಳಗೆ ಇವಳು ಮುಳುಗಿ ಕೊಡ ತಂದು ಕಟ್ಟೆಯ ಮೇಲೆ ಇಟ್ಟಿರುತ್ತಿದ್ದಳು. ಈಗ ಯಾಕೆ ಆಸೆ ಬಂತು ಎಂದು ಕೇಳಿದೆ.

"ಎಷ್ಟೋ ಸಲ ತಳಾ ಮುಟ್ಟೀನಿ, ಒಮ್ಮೆನೂ ನೋಡಿಲ್ಲ. ಕೊಡ ಕೈಗೆ ಸಿಗೋದ್ರಾಗ ಉಸಿರು ಮುಗೀತಿತ್ತು. ಅಲ್ಲಿ ಕಲ್ಲಿನ ಸಂದ್ಯಾಗ ಏನೇನೋ ಅದಾವ ಅನ್ನಿಸೋದು."

ಮಾವ ತಡೆಯಲಿಲ್ಲ. ಹಡಗಿಗೆ ಸುತ್ತ ಗೋಡೆ ಇರುತ್ತದೋ ಇಲ್ಲವೋ ಎಂದಷ್ಟೇ ವಿಚಾರಿಸಿದರು. ಪಾಸ್‌ಪೋರ್ಟು ಆಯಿತು, ಎದೆ, ಕಿವಿ ಎಲ್ಲ ಸರಿ ಇದೆಯೆಂಬ ಡಾಕ್ಟರ ಚೀಟಿ ಆಯಿತು. ಹೊಸದಾಗಿ ಕಲಿಯುವವರನ್ನೂ ಹತ್ತಿಸಿಕೊಳ್ಳುವ ಹಡಗು ಅದಾಗಿದ್ದರಿಂದ ಗೆಳತಿಯ ಜಾಗ ಅತ್ತೆಗೆ ಸಿಕ್ಕಿತು.

ಹಡಗು ಹತ್ತಿದ ಮೊದಲ ಸಂಜೆ ಉಳಿದವರೆಲ್ಲ ಮೇಲಿನ ಅಂತಸ್ತಿನಲ್ಲಿ ಸೂರ್ಯಾಸ್ತದ ಫೋಟೊ ತೆಗೆಯುತ್ತಿದ್ದರು. ಅತ್ತೆ ಮಾತ್ರ ಸ್ನಾನಕ್ಕೆ ಸಿಹಿನೀರು ಎಲ್ಲಿಂದ ಬರುತ್ತದೆ ಎಂದು ಕೇಳುತ್ತ ಎಂಜಿನ್ ಕೋಣೆಯವರೆಗೆ ಹೋಗಿದ್ದಳು. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವನ್ನು ಅಲ್ಲಿಯ ಕೆಲಸಗಾರ ತೋರಿಸಿದನಂತೆ. ಒಂದು ಲೋಟ ಹಿಡಿದು ಕುಡಿದು ನೋಡಿ ಬಂದು, ನಮ್ಮ ಬೋರಿನ ನೀರಿಗಿಂತ ವಾಸಿ ಅಂದಳು.

ಮರುದಿನ ಪಾಠ ಶುರುವಾಯಿತು. ಕಲಿಸುವವಳು ಕೇರಳದ ಹೆಣ್ಣುಮಗಳು, ಮೂವತ್ತರ ಆಸುಪಾಸು. ಅವಳ ಹಿಂದಿಗೂ ಅತ್ತೆಯ ಬಳ್ಳಾರಿ ಕಡೆಯ ಹಿಂದಿಗೂ ಹೇಗೋ ಹೊಂದಿಕೆಯಾಯಿತು, ಸಿಕ್ಕಿಕೊಂಡಲ್ಲಿ ನಾನಿದ್ದೆ. ಎದೆಯುದ್ದದ ತಿಳಿನೀರು, ಕೆಳಗೆ ಬಿಳಿ ಮರಳು. ಮೈಗೆ ಅಂಟುವ ಕಪ್ಪು ರಬ್ಬರ್ ಉಡುಪು ಹಾಕಿಕೊಂಡ ಅತ್ತೆ ತನ್ನನ್ನು ಒಮ್ಮೆ ನೋಡಿಕೊಂಡು, ಹಡಗಲಿಯವರು ಯಾರೂ ಇಲ್ಲವಲ್ಲ ಎಂದು ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡು ನೀರಿಗಿಳಿದಳು.

ಕಣ್ಣು ಮೂಗು ಮುಚ್ಚುವ ಕನ್ನಡಕದಲ್ಲಿ ನೀರು ತುಂಬಿಸಿಕೊಂಡು ಮತ್ತೆ ಹೊರಹಾಕುವುದು ಎಲ್ಲರನ್ನೂ ಹೆದರಿಸುವ ಪಾಠ. ಅತ್ತೆ ಅದನ್ನು ಒಂದೇ ಸಲಕ್ಕೆ ಮಾಡಿದಳು. ಮೂಗು ಹಿಡಿದು ಊದಿ ಕಿವಿ ಬಿಡಿಸಿಕೊಳ್ಳುವುದನ್ನು ಬಾವಿಯೇ ಅವಳಿಗೆ ಕಲಿಸಿತ್ತು. ತೊಡಕಾದದ್ದು ಉಸಿರಿನಲ್ಲಿ. ಬಾಯಲ್ಲಿ ಸಿಲಿಂಡರಿನ ಗಾಳಿ ತಂದುಕೊಡುವ ರೆಗ್ಯುಲೇಟರ್ ಕಚ್ಚಿಕೊಂಡಿದ್ದಾಳೆ, ಬೇಕಾದಷ್ಟು ಗಾಳಿ ಇದೆ, ಆದರೂ ತಲೆ ನೀರಿನೊಳಗೆ ಹೋದ ಕೂಡಲೇ ಎದೆ ಬಿಗಿದು ನಿಲ್ಲುತ್ತಿತ್ತು. ಗುಳ್ಳೆಗಳೇ ಇಲ್ಲ. ಕಲಿಸುವವಳು ಮೇಲೆ ಬರಲು ಸನ್ನೆ ಮಾಡಿದಳು. ಮತ್ತೆ ಇಳಿದರೂ ಅದೇ. ನಾಲ್ಕನೆಯ ಸಲ ಆಕೆ ಪಾಠ ನಿಲ್ಲಿಸಿಬಿಟ್ಟಳು.

ಈ ವಿದ್ಯೆಯ ಮೊದಲ ನಿಯಮವೇ ಉಸಿರು ಹಿಡಿಯಬಾರದು ಎಂಬುದು. ಉಸಿರು ಹಿಡಿದು ಮೇಲೇರಿದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು ಎಂದು ಆಕೆ ವಿವರಿಸಿದಳು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಹೆದರಲಿಲ್ಲ, ವಾದಕ್ಕೆ ನಿಂತಳು.

"ಹಂಗಾರ ಬಾವ್ಯಾಗ ನನ್ನ ಎದಿ ಯಾಕ ಹರೀಲಿಲ್ಲ, ಕೇಳು."

ಕಲಿಸುವವಳಿಗೆ ಈ ಪ್ರಶ್ನೆ ಇಷ್ಟವಾಯಿತು. ಬಾವಿಯಲ್ಲಿ ಮೇಲಿನ ಗಾಳಿ ಕುಡಿದು ಮುಳುಗುತ್ತೀರಿ, ಅದು ಕೆಳಗೆ ಕುಗ್ಗಿ, ಮೇಲೆ ಬರುವಾಗ ಮತ್ತೆ ಮೊದಲಿನಷ್ಟೇ ಆಗುತ್ತದೆ. ಇಲ್ಲಿ ಕೆಳಗೇ ಒತ್ತಡದ ಗಾಳಿ ಕುಡಿಯುತ್ತೀರಿ, ಮೇಲೆ ಬರುವಾಗ ಅದು ಜಾಗ ಸಾಲದಷ್ಟು ಹಿಗ್ಗುತ್ತದೆ ಎಂದಳು. ಅತ್ತೆಗೆ ಅರ್ಥವಾಯಿತು. ಆದರೆ ತಲೆಗೆ ತಿಳಿದದ್ದು ಎದೆಗೆ ತಿಳಿಯಲಿಲ್ಲ. ಮಧ್ಯಾಹ್ನವೂ ಅದೇ ಆಯಿತು. ಹೀಗಾದರೆ ಆಳಕ್ಕೆ ಕರೆದೊಯ್ಯಲಾರೆ ಎಂದು ಆಕೆ ಮೃದುವಾಗಿಯೇ ಹೇಳಿದಳು. ಉಸಿರು ಹಿಡಿಯುವುದೊಂದೇ ಅವಳು ಊರಿನಲ್ಲಿ ಹೆಸರು ಮಾಡಿದ ವಿದ್ಯೆ. ಅದೇ ತಪ್ಪೆನ್ನಿಸಿಕೊಂಡದ್ದು ಅವಳಿಗೆ ನಾಟಿತ್ತು. ಕರೆತಂದು ತಪ್ಪು ಮಾಡಿದೆನೇನೋ ಎಂದು ನನಗೂ ಅನಿಸಿತು.

ಮರುದಿನ ನಾನು ಉಳಿದವರ ಜೊತೆ ಡೈವಿಗೆ ಹೋಗಿ ಬಂದೆ. ಮೆಟ್ಟಿಲಲ್ಲೇ ಕಾಯುತ್ತಿದ್ದ ಅತ್ತೆ ಏನು ಕಂಡಿತು ಎಂದಳು. ಆಮೆ ಎಂದೆ. ಅದು ಏನು ತಿನ್ನುತ್ತಿತ್ತು, ತಿನ್ನುವಾಗ ಕಾಲಿನಿಂದ ಹಿಡಿಯುತ್ತಿತ್ತೋ ಬರೀ ಬಾಯಿಂದಲೋ, ಉಸಿರಿಗೆ ಮೇಲೆ ಹೋಗುವ ಮುಂಚೆ ಸುತ್ತ ನೋಡಿತೋ, ವಾಪಸು ಅದೇ ಜಾಗಕ್ಕೆ ಬಂತೋ ಎಂದು ಕೇಳುತ್ತಲೇ ಹೋದಳು. ನಾನು ಕ್ಯಾಮೆರಾ ತೆರೆದೆ. ಆಮೆಯದೇ ಹನ್ನೊಂದು ಫೋಟೊ ಇದ್ದವು. ದಿನವಿಡೀ ನೋಡುವುದೇ ಕೆಲಸವಾದವಳು ನಾನು. ಆಮೆಯನ್ನು ನೋಡಿಯೇ ಇರಲಿಲ್ಲ.

ಆ ಸಂಜೆ ಹಡಗಿನ ಹಿಂಬದಿಯಲ್ಲಿ ಅತ್ತೆ ಒಬ್ಬಳೇ ರೆಗ್ಯುಲೇಟರ್ ಕಚ್ಚಿಕೊಂಡು ಕೂತಿದ್ದಳು. ಒಳಗಿಂದ ಏನೋ ಗೊಣಗಾಟ ಕೇಳುತ್ತಿತ್ತು. ಹತ್ತಿರ ಹೋದರೆ ಎರಡರ ಮಗ್ಗಿ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು. ನನ್ನನ್ನು ನೋಡಿ ಬಾಯಿಂದ ತೆಗೆದಳು.

"ಮಾತಾಡೋವಾಗ ಯಾರೂ ಉಸಿರು ಹಿಡಿಯಂಗಿಲ್ಲಲ್ಲ. ಒಂದು ಸಾಲು ಹೇಳಿದ್ರ ಗಾಳಿ ತಾನ ಹೊರಗ ಹೋಗ್ತೈತಿ. ಸಾಲು ಮುಗಿದ್ರ ತಾನ ಒಳಗ ಬರ್ತೈತಿ. ಆಕಿನ್ನ ಕರಿ, ನಾಳೆ ಇನ್ನೊಮ್ಮೆ ನೋಡು ಅಂತ ಹೇಳು."

ಮರುದಿನ ಬೆಳಿಗ್ಗೆ ತಿಳಿನೀರಿನಲ್ಲಿ ಮೊಣಕಾಲೂರಿ ಕೂತ ಅತ್ತೆಯ ತಲೆಯ ಮೇಲೆ ಗುಳ್ಳೆಗಳು ಎದ್ದವು. ಸಾಲಿಗೊಂದು ಗೊಂಚಲು. ನೀರಿನೊಳಗೂ ಅವಳ ಮಗ್ಗಿ ಗುಡುಗುಡು ಎಂದು ಕೇಳುತ್ತಿತ್ತು. ಐದರ ಮಗ್ಗಿಯ ಹೊತ್ತಿಗೆ ಕಲಿಸುವವಳು ಹೆಬ್ಬೆರಳು ತೋರುಬೆರಳು ಸೇರಿಸಿ 'ಸರಿ' ಎಂಬ ಸನ್ನೆ ಮಾಡಿದಳು. ಆದರೂ ಅವಸರ ಮಾಡಲಿಲ್ಲ. ಆ ದಿನವೂ ಮರುದಿನವೂ ಆರು ಮೀಟರಿನಲ್ಲೇ ಏರಿಸಿ ಇಳಿಸಿ ಪರೀಕ್ಷಿಸಿ, ಪಾಠ ಶುರುವಾದ ಐದನೆಯ ದಿನ ಹವಳದ ದಿಬ್ಬಕ್ಕೆ ಕರೆದೊಯ್ದಳು. ನಾನೂ ಜೊತೆಗಿದ್ದೆ.

ಹತ್ತು ಮೀಟರ್ ಆಳದಲ್ಲಿ ದಿಬ್ಬದ ಬುಡಕ್ಕೆ ಮರಳಿನ ಬಯಲು. ಅಲ್ಲಿ ಒಂದು ಸಣ್ಣ ಬಿಲದ ಮುಂದೆ ಅತ್ತೆ ನಿಂತಳು. ಬಿಲದ ಬಾಯಲ್ಲಿ ಬೆರಳುದ್ದದ ಮೀನು, ಕಾವಲಿಗೆ ಕೂತಂತೆ. ಒಳಗಿಂದ ಒಂದು ಸೀಗಡಿ ಮರಳು ತಳ್ಳಿಕೊಂಡು ಬಂದು ಹೊರಗೆ ಚೆಲ್ಲಿ ವಾಪಸು ಹೋಗುತ್ತಿತ್ತು. ಅಷ್ಟರಲ್ಲಿ ದೂರದಲ್ಲಿ ಯಾರೋ ಸಿಲಿಂಡರನ್ನು ಟಕಟಕ ಬಡಿದರು. ತಲೆ ಎತ್ತಿದೆ. ಕೋಣೆಯಷ್ಟು ಅಗಲದ ಮಾಂಟಾ ಮೀನು ರೆಕ್ಕೆ ಬೀಸುತ್ತ ನಮ್ಮ ಮೇಲೇ ಹಾದುಹೋಯಿತು. ಹಡಗಿನವರೆಲ್ಲ ಇದಕ್ಕಾಗಿಯೇ ಬಂದವರು. ಅತ್ತೆಯ ತೋಳು ಅಲುಗಿಸಿದೆ. ನನ್ನ ಕೈ ಸರಿಸಿದಳು, ತಲೆ ಎತ್ತಲಿಲ್ಲ.

ಮೇಲೆ ಬಂದ ಮೇಲೆ, ಮಾಂಟಾ ತಪ್ಪಿಸಿಕೊಂಡಳಲ್ಲ ಎಂದು ಎಲ್ಲರೂ ಅವಳ ಬಗ್ಗೆ ಮರುಗಿದರು. ಅವಳ ಕಿವಿಗೆ ಅದು ಬೀಳಲೇ ಇಲ್ಲ.

"ಆ ಸೀಗಡಿಗೆ ಕಣ್ಣು ಸರಿ ಕಾಣಂಗಿಲ್ಲ ಅನ್ನಿಸ್ತೈತಿ. ಹೊರಗ ಬಂದಾಗೆಲ್ಲಾ ಅದರ ಒಂದು ಮೀಸಿ ಮೀನಿನ ಮೈ ಮ್ಯಾಲ ಇರ್ತೈತಿ. ಒಮ್ಮೆನೂ ಬಿಡಲಿಲ್ಲ. ಮೀನು ಬಾಲ ಅಲುಗಿಸಿತು ಅಂದ್ರ ಒಳಗ ಓಡ್ತೈತಿ."

ಕಲಿಸುವವಳನ್ನು ಕೇಳಿದೆವು. ನಿಜ, ಆ ಸೀಗಡಿಗೆ ದೃಷ್ಟಿ ಮಂದ, ಮನೆ ಅದು ತೋಡುತ್ತದೆ, ಕಾವಲು ಮೀನು ಕಾಯುತ್ತದೆ ಎಂದಳು. ಹಾಗಾದರೆ ಮೀನನ್ನು ಏನಾದರೂ ತಿಂದುಹಾಕಿದರೆ ಸೀಗಡಿ ಹೊರಗೆ ಬರುತ್ತದೋ, ಒಳಗೇ ಉಳಿಯುತ್ತದೋ ಎಂದಳು ಅತ್ತೆ. ಆಕೆ, ಆರು ವರ್ಷದಿಂದ ಇಲ್ಲಿ ಇಳಿಯುತ್ತಿದ್ದೇನೆ, ಒಮ್ಮೆಯೂ ಅಲ್ಲಿ ನಿಂತು ನೋಡಿಲ್ಲ, ಗೊತ್ತಿಲ್ಲ ಎಂದಳು.

ಮರುದಿನ ನಮ್ಮ ಕೊನೆಯ ಡೈವು. ಬೇರೆಯವರು ಇನ್ನೊಬ್ಬ ಗೈಡಿನ ಹಿಂದೆ ಮಾಂಟಾ ಹುಡುಕಿಕೊಂಡು ಹೋದರು. ಕಲಿಸುವವಳು ಅತ್ತೆಗೆ, ನೀವು ಮುಂದೆ ನಡೆಯಿರಿ, ಬಿಲ ತೋರಿಸಿ ಎಂದಳು. ನಾನು ಕ್ಯಾಮೆರಾವನ್ನು ಕೋಣೆಯಲ್ಲೇ ಬಿಟ್ಟು ಹಿಂದೆ ಹೋದೆ. ಬಿಲ ಸಿಕ್ಕಿತು. ಆದರೆ ಕಲಿಸುವವಳು ತೀರ ಹತ್ತಿರ ಬಾಗಿದ್ದರಿಂದ ಮೀನು ಚಟಕ್ಕನೆ ಒಳಗೆ ಸೇರಿಕೊಂಡಿತು. ಅತ್ತೆ ಅಂಗೈ ಕೆಳಗೆ ಮಾಡಿ, ಹಿಂದೆ ಸರಿದು ಕೂತುಕೋ ಎಂದು ಸನ್ನೆ ಮಾಡಿದಳು. ಆಕೆ ಸರಿದು ಕೂತಳು. ಮೂವರೂ ಮರಳಿಗೆ ಹೊಟ್ಟೆ ಹಚ್ಚಿ ಕಾಯತೊಡಗಿದೆವು. ಬಹಳ ಹೊತ್ತಾದ ಮೇಲೆ ಮೊದಲು ಮೀನಿನ ಮೂತಿ ಕಂಡಿತು. ಅದರ ಪಕ್ಕದಲ್ಲಿ, ಕೂದಲೆಳೆಯಂಥ ಒಂದು ಮೀಸೆ.